ಫಾರ್ಮಿನಲ್ಲಿ ದೊಡ್ಡವನಾದ ಮಗ

ಐದು ವರ್ಷ ಹಳೆಯ ಮನೆಯೊಂದನ್ನು ಇವತ್ತಿನ ಮನೆ ಮಾಡಲು ನಮಗೆ ಒಂದು ಕೂಡಿಸುವ ಲೆಕ್ಕ, ಒಂದು ಗುಣಾಕಾರ, ಒಂದು ತೂಕ ಇಷ್ಟು ಸಾಕಾಗಿತ್ತು. ಮನೆಯ ಪ್ರತಿಯೊಬ್ಬರ ವಯಸ್ಸಿಗೆ ಐದು ಕೂಡಿಸು. ಪ್ರತಿಯೊಂದು ಆದಾಯವನ್ನು ಅದರದರ ಏರಿಕೆಯಿಂದ ಗುಣಿಸು: ಬೀಡಿ ಕಟ್ಟುವವರಿಗೆ ಒಂದು ಅಂಕಿ, ಕಬ್ಬು ಕಡಿಯುವವರಿಗೆ ಇನ್ನೊಂದು, ಡೇರಿಗೆ ಹಾಲು ಹಾಕುವವರಿಗೆ ಮತ್ತೊಂದು. ಕೊನೆಗೆ, ಈ ಒಂದು ಮನೆ ಸೀಮೆಯ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬ ತೂಕವನ್ನು ಹೊಸ ಜನಗಣತಿಗೆ ಹೊಂದುವಂತೆ ತುಸು ಏರಿಸು, ಇಲ್ಲವೇ ಇಳಿಸು. ಮನೆ ಹೊಸದಾಯಿತು. ಸುಣ್ಣ ಹೊಡೆಸುವುದಕ್ಕಿಂತ ಅಗ್ಗ.

ತೊಂಬತ್ತರ ದಶಕ ಇನ್ನೂ ಹೊಸದಾಗಿದ್ದಾಗಿನ ಮಾತಿದು. ಬೆಂಗಳೂರು ಕಡೆಯ ಒಂದು ಸಂಸ್ಥೆ ಅದಕ್ಕೆ ಐದು ವರ್ಷ ಹಿಂದೆ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತ್ತು. ಆಗ ಕಾಲೇಜು ಬಿಟ್ಟು ಬೀದಿ ಸುತ್ತುತ್ತಿದ್ದ ನಾನೂ ದಿನಗೂಲಿಯ ಮೇಲೆ ಫಾರ್ಮು ತುಂಬಿದ್ದೆ. ಈಗ ಅವೇ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸಿ ಅದಕ್ಕೆ ಪ್ರಶ್ನೆ ಕೇಳುವ ಹಂಬಲ ಅವರಿಗೆ. ಬೀಡಿಯ ಮೇಲೆ ತೆರಿಗೆ ಏರಿಸಿದರೆ ಕಟ್ಟುವವರ ಕೈಗೆ ಬರುವುದು ಎಷ್ಟು ಇಳಿಯುತ್ತದೆ? ದುಡಿಯುವ ಮಗನಿರುವ ವಿಧವೆಗೆ ಪಿಂಚಣಿ ಇಲ್ಲ ಎಂಬ ನಿಯಮವನ್ನು ಬಿಗಿ ಮಾಡಿದರೆ ಎಷ್ಟು ಮನೆ ಪಟ್ಟಿಯಿಂದ ಹೊರಬೀಳುತ್ತವೆ, ಸರ್ಕಾರಕ್ಕೆ ಎಷ್ಟು ಉಳಿಯುತ್ತದೆ? ಜನರ ಮೇಲೆ ಹೇರುವ ಮೊದಲು ಕಾಗದದ ಜನರ ಮೇಲೆ ಹೇರಿ ನೋಡುವುದು. ಇದಕ್ಕೆ ಅವರು ಮಾದರಿ ಎನ್ನುತ್ತಿದ್ದರು. ಕಾಗದದ ಜನಕ್ಕೆ ಒಂದು ಅನುಕೂಲವಿದೆ. ಅವರು ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂರುವುದಿಲ್ಲ.

ನಮ್ಮ ಮೇಲ್ವಿಚಾರಕರು ಮೈಸೂರು ಕಡೆಯವರು. ಗಣಿತದಲ್ಲಿ ಭಾರೀ ಗಟ್ಟಿ, ನಮ್ಮ ಕೆಂಪು ಚಟ್ನಿಯ ಮುಂದೆ ಬಲು ಮೆತ್ತಗೆ. ಮೊದಲ ಎರಡು ತಿಂಗಳು ಬಿಸ್ಕತ್ತು, ಬಾಳೆಹಣ್ಣಿನ ಮೇಲೆ ಬದುಕಿದರು. ಮೊದಲ ದಿನವೇ ನಾನು ಕೇಳಿದೆ, "ಸರ್, ಈ ಐದ ವರ್ಷದಾಗ ಸತ್ತಾವ್ರನ್ನ ಏನ ಮಾಡೂದ್ರಿ?"

"ಹೆಸರು ಹಿಡಿದು ತೆಗೆಯಕ್ಕಾಗಲ್ಲ ಕಣಯ್ಯ. ಯಾರು ಸತ್ರು ಅಂತ ನಮಗೇನು ಗೊತ್ತು? ಆ ಥರದ ಮನೆಗಳ ತೂಕ ಒಂಚೂರು ಇಳಿಸ್ತೀವಿ. ಮಾದರಿಯಲ್ಲಿ ಯಾರೂ ಸಾಯಲ್ಲ, ಹಗುರಾಗ್ತಾರೆ ಅಷ್ಟೆ."

ಆ ಮಾತನ್ನು ಅವರದೇ ದನಿಯಲ್ಲಿ, ಕನ್ನಡಕವನ್ನು ಮೂಗಿನ ಮೇಲಕ್ಕೆ ದೂಡುವ ಅವರದೇ ಠೀವಿಯಲ್ಲಿ, ಅದೇ ಸಂಜೆ ಚಹದಂಗಡಿಯಲ್ಲಿ ಮೂರು ಸಲ ಆಡಿ ತೋರಿಸಿ ಎರಡು ಕಪ್ಪು ಚಹ ಪುಕ್ಕಟೆ ಕುಡಿದೆ. ನನಗೆ ಇದ್ದ ವಿದ್ಯೆ ಇದೊಂದೇ. ಬಸ್ಸಿನ ಕಂಡಕ್ಟರು, ಸಾಲೆಯ ಮಾಸ್ತರು, ತಂಬಾಕಿನ ವ್ಯಾಪಾರಿ, ನನ್ನ ಹೆತ್ತ ಅಪ್ಪ, ಯಾರನ್ನೂ ಬಿಟ್ಟವನಲ್ಲ. ಇಪ್ಪತ್ತೈದಾದರೂ ಸರಿಯಾಗಿ ಮೀಸೆ ಬಾರದವನು ಊರಿನವರ ಮೀಸೆ ತಿರುವಿ ತೋರಿಸುತ್ತಿದ್ದೆ.

ಫಾರ್ಮು ತುಂಬಲು ಇಬ್ಬಿಬ್ಬರ ಜೋಡಿ. ನನ್ನ ಜೋಡಿ ಸದಲಗಾದ ಒಂದು ಜೈನ ರೈತರ ಮನೆಯ ಹುಡುಗ, ನನ್ನದೇ ವಯಸ್ಸು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು ಅವರು. ಹೀಗಾಗಿ ನಾಲ್ಕೂವರೆಯಾದರೆ ಅವನ ಒಂದು ಕಣ್ಣು ಫಾರ್ಮಿನ ಮೇಲೆ, ಇನ್ನೊಂದು ಆಕಾಶದ ಮೇಲೆ. ಅದನ್ನೂ ನಾನು ಅಣಕಿಸುತ್ತಿದ್ದೆ. ಅವನು ನಗುತ್ತಿದ್ದ. ನನಗೆ ಸಿಕ್ಕವರೆಲ್ಲ ಹಾಗೆ ನಗುವವರೇ, ಅದೇ ಕುತ್ತಾಯಿತು.

ಗುಣಾಕಾರದ ಅಂಕಿ ಸರಿಯೋ ತಪ್ಪೋ ನೋಡಲು ಹತ್ತು ಹಳೆಯ ಮನೆಗಳಲ್ಲಿ ಒಂದಕ್ಕೆ ಮತ್ತೆ ಹೋಗಿ ಹೊಸ ಫಾರ್ಮು ತುಂಬಬೇಕಿತ್ತು. ಹಳೆಯ ಆದಾಯ ಎಡಕ್ಕೆ, ಹೊಸದು ಬಲಕ್ಕೆ. ಬಲದ್ದನ್ನು ಎಡದ್ದರಿಂದ ಭಾಗಿಸಿದರೆ ಬರುವ ಅನುಪಾತವೇ ಉಳಿದ ಒಂಬತ್ತು ಮನೆಗಳಿಗೂ ಗುಣಾಕಾರದ ಅಂಕಿ.

ಮೊದಲ ಪೆಟ್ಟು ಬಿದ್ದದ್ದು ನಿಪ್ಪಾಣಿಯಲ್ಲಿ. ಸಾವಿರ ಬೀಡಿಗೆ ಸರ್ಕಾರ ಗೊತ್ತು ಮಾಡಿದ ದರ ಚೆನ್ನಾಗಿ ಏರಿತ್ತು. ಮೇಲ್ವಿಚಾರಕರು ಅದೇ ಏರಿಕೆಯನ್ನು ಬೀಡಿಯವರೆಲ್ಲರ ಆದಾಯಕ್ಕೆ ಹಚ್ಚಿ, ನಾಲ್ಕೇ ಮನೆ ನೋಡಿ ಬನ್ನಿ, ಸಾಕು ಅಂದರು. ನಾಲ್ಕೂ ಮನೆಯಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಓಣಿಯ ಒಬ್ಬ ಮುದುಕಿ ಕತ್ತರಿ ಕೆಳಗಿಟ್ಟು ನಮಗೆ ಪಾಠ ಹೇಳಿದಳು.

"ಹಜಾರ ಬೀಡಿಗೆ ದರಾ ಏರೇತಿ, ಖರೆ. ಹಜಾರ ಅಂದ್ರ ಯಾವ ಹಜಾರೋ ಬಾಳಾ? ನಾ ಒಯ್ದ ಕೊಟ್ಟದ್ದು ಹಜಾರ. ಛಾಟ ಆಗಿ ಉಳದದ್ದು ಎಂಟನೂರು. ರೊಕ್ಕಾ ಯಾವದಕ್ಕ ಕೊಡ್ತಾರ?"

ಛಾಟ ಎಂದರೆ ಗುತ್ತಿಗೆದಾರನ ಕಾರಕೂನ ಕೆಟ್ಟ ಬೀಡಿ ಎಂದು ಆರಿಸಿ ತೆಗೆಯುವುದು. ತೆಗೆದದ್ದನ್ನು ಕಟ್ಟಿದವಳಿಗೆ ಹಿಂದಕ್ಕೆ ಕೊಡುವುದಿಲ್ಲ. ದರ ಏರಿದಷ್ಟೂ ಛಾಟ ಏರಿತ್ತು. ಕೊಡುವ ಎಲೆ ಕಡಿಮೆಯಾಗಿತ್ತು. ಕೊರತೆ ಬಿದ್ದ ಎಲೆಯನ್ನು ಹೆಂಗಸರು ತಾವೇ ಪೇಟೆಯಲ್ಲಿ ಕೊಳ್ಳಬೇಕು. ನಾವು ಇದನ್ನು ಹೇಳಿದಾಗ ಮೇಲ್ವಿಚಾರಕರು ನಂಬಲಿಲ್ಲ. ಮರುದಿನ ತಾವೇ ಬಂದು, ಕೆಮ್ಮುತ್ತ, ಆ ಓಣಿಯಲ್ಲಿ ಎರಡು ತಾಸು ಕೂತು ಕಾರಕೂನ ಬೀಡಿ ಎಸೆಯುವುದನ್ನು ಬೆರಳು ಮಡಚಿ ಎಣಿಸಿದರು. ಹೋಗುವಾಗ ಮುದುಕಿಗೆ ಕೈಮುಗಿದರು. ಬೀಡಿಯ ಅಂಕಿ ಇಳಿಯಿತು. "ಮನೆ ಬಾಗಿಲಿಗೆ ಹೋಗದೆ ಲೆಕ್ಕ ಇಲ್ಲ ಕಣ್ರಯ್ಯಾ" ಎಂದು ನಮ್ಮ ಬೆನ್ನು ತಟ್ಟಿದರು. ಅದು ಜೂನ್ ತಿಂಗಳು. ಬೆನ್ನಿನ ಮೇಲೆ ಆ ಬಿಸಿ ನನಗೆ ಜುಲೈವರೆಗೆ ಉಳಿಯಲಿಲ್ಲ.

ಜುಲೈಯಲ್ಲಿ ಮಳೆ ಹಿಡಿಯಿತು. ವೇದಗಂಗೆ, ದೂಧಗಂಗೆ ಎರಡೂ ತುಂಬಿ ತಗ್ಗಿನ ಸೇತುವೆಗಳು ಮುಳುಗಿದವು. ನಮ್ಮ ಜೋಡಿಯ ಪಾಲಿಗೆ ಇನ್ನೂ ಮೂವತ್ತೊಂದು ಮನೆ ಉಳಿದಿದ್ದವು, ಎಲ್ಲವೂ ನಿಪ್ಪಾಣಿಯವು. ಸೋಮವಾರ ಫಾರ್ಮು ಬೆಂಗಳೂರಿಗೆ ಹೋಗಲೇಬೇಕು. ಅವತ್ತು ಶುಕ್ರವಾರ. ಮೇಲ್ವಿಚಾರಕರು ಅಥಣಿಯ ಕಡೆ ಹೋಗಿದ್ದರು. ನಾವಿಬ್ಬರೂ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಒದ್ದೆ ಚಡ್ಡಿಗಳ ನಡುವೆ ಕೂತಿದ್ದೆವು.

ಸೇತುವೆ ಮುಳುಗಿದವು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ನಿಜ. ಸುತ್ತು ಹಾಕಿ ನಿಪ್ಪಾಣಿಗೆ ಹೋಗುವ ಬಸ್ಸು ನಡೆದಿತ್ತು ಎಂಬುದೂ ನಿಜ. ಅದನ್ನು ಹೇಳಲಿಲ್ಲ.

"ಹೋದ್ರ ಹೊತ್ತ ಮುಳಗೂದ್ರಾಗ ತಿರಗಿ ಬರೂದ ಆಗಾಂಗಿಲ್ಲ. ಉಪಾಸ ಬೀಳ್ತೇನಿ" ಅಂದ ಜೋಡಿ.

"ಹೋಗೂದ್ಯಾಕ? ಅವರನ್ನ ಇಲ್ಲೇ ಕರಸ್ತೇನಿ" ಅಂದೆ ನಾನು.

ಐದು ವರ್ಷದ ಹಿಂದೆ ಆ ಓಣಿಗಳ ಫಾರ್ಮು ತುಂಬಿದವನು ನಾನೇ. ಮುಖಗಳು ಮರೆತಿದ್ದವು, ದನಿಗಳು ಮರೆತಿರಲಿಲ್ಲ. ಜೋಡಿ ಹಳೆಯ ಫಾರ್ಮು ಓದಿ ಪ್ರಶ್ನೆ ಕೇಳುವುದು, ನಾನು ಆ ಮನೆಯವರಾಗಿ ಉತ್ತರ ಕೊಡುವುದು, ಅವನು ಬಾಯಿ ಮುಚ್ಚಿ ನಗುವುದು, ನಾನು ಬರೆಯುವುದು. ನಾನು ಕುಡುಕ ಹಮಾಲನಾದೆ. ಗಾರೆ ಕೆಲಸದ ಹಲ್ಲಿಲ್ಲದ ಗೌಂಡಿಯಾದೆ. ಸೊಸೆಯನ್ನು ಬೈಯುತ್ತಲೇ ಆದಾಯ ಹೇಳುವ ಅತ್ತೆಯಾದೆ. ಬೀಡಿಯ ಅಂಕಿ ನಮಗೆ ಈಗ ಬಾಯಿಪಾಠ. ಅದಕ್ಕೆ ಹೊಂದುವಂತೆ ಅಲ್ಲಿಷ್ಟು ಇಲ್ಲಿಷ್ಟು ಏರುಪೇರು ಮಾಡಿ ಕೂಲಿ ಬರೆದೆವು. ಒಂದೇ ಅಚ್ಚಿನಿಂದ ತೆಗೆದಂತೆ ಕಾಣಬಾರದಲ್ಲ.

ಹದಿನೇಳನೆಯ ಫಾರ್ಮು. "ವಿಧವೆ. ಬೀಡಿ. ಪಿಂಚಣಿ ಐತಿ. ಆಗ ಮಗಗ ಹದಿನಾರು, ಮಗಳಿಗೆ ಐದು" ಎಂದು ಓದಿದ ಜೋಡಿ, "ಅಂದ್ರ ಈಗ ಮಗಗ ಇಪ್ಪತ್ತೊಂದು. ಏನ ಮಾಡ್ತಾನ ಮಾವಶಿ ನಿನ್ನ ಮಗಾ?" ಅಂದ.

ಓಣಿಯವರೆಲ್ಲ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಆಕೆಯ ದನಿ ಚೆನ್ನಾಗಿ ನೆನಪಿತ್ತು. ತಂಬಾಕಿನ ಧೂಳು ಹತ್ತಿದ ಎದೆ. ಮಾತಿನ ನಡುವೆ ಎರಡು ಸಲ ಕೆಮ್ಮು, ಒಂದು ಸಲ ಉಸಿರು ಎಳೆದುಕೊಳ್ಳುವುದು, ಕೊನೆಗೆ ಮಗೂ ಎಂಬ ಅರ್ಥದ 'ಬಾಳಾ'. ಹುಡುಗ ದೊಡ್ಡವನಾದ ಮೇಲೆ ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಗೆ ಕಳಿಸಿ ವಿದ್ಯುತ್ ಮಗ್ಗದ ಮೇಲೆ ಕೆಲಸಕ್ಕೆ ನಿಲ್ಲಿಸುತ್ತೇನೆ ಎಂದು ಆಗ ಹೇಳಿದ್ದಳು. ನಾನು ಟವೆಲನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡೆ.

"ಇಚಲಕರಂಜ್ಯಾಗ... ಖುಃ ಖುಃ... ಮಗ್ಗದ ಸಾಹೇಬ ಆಗ್ಯಾನೋ ಬಾಳಾ! ಕೂದ್ಲಾ ಹಿಂಗ ಮಾಡ್ಯಾನ, ಗಾಗಲ್ ಹಾಕ್ಯಾನ..."

"ರೊಕ್ಕಾ ಎಷ್ಟ ಕಳಸ್ತಾನ?"

"ಮುನ್ನೂರ ಬರಕೋ. ಇನ್ನೊಂದೀಟ ಕಳಸೋ ಅಂದ್ರ... ಖುಃ... 'ಆಯಿ, ನನಗ ಸಿನಿಮಾಕ್ಕ ಬ್ಯಾಡೇನ?' ಅಂತಾನ, ಬದ್ಮಾಶ!"

ಜೋಡಿ ಹಾಸಿಗೆಯ ಮೇಲೆ ಉರುಳಿ ನಕ್ಕ. 'ಹೊರಗಿನಿಂದ ಬರುವ ಹಣ, ತಿಂಗಳಿಗೆ' ಎಂಬಲ್ಲಿ ನಾನು ಮುನ್ನೂರು ಬರೆದೆ. ಪಿಂಚಣಿ ಅದರ ಕಾಲುಭಾಗವೂ ಇರಲಿಲ್ಲ.

ಫಾರ್ಮಿನ ಕೆಳಗೆ ಉತ್ತರ ಕೊಟ್ಟವರ ಹೆಬ್ಬೆಟ್ಟು ಬೇಕು. ಇಬ್ಬರ ಕೈಯ ಹತ್ತತ್ತು ಬೆರಳು ಮೂವತ್ತೊಂದಕ್ಕೆ ಸಾಲದೆ ನಾನು ಕಾಲಿಗೂ ಶಾಯಿ ಹಚ್ಚಿದೆ. ಮಾವಶಿಯ ಹೆಬ್ಬೆಟ್ಟು ನನ್ನ ಎಡಗಾಲಿನದು. ಹೊತ್ತು ಮುಳುಗಲು ಇನ್ನೂ ಅರ್ಧ ತಾಸಿದೆ ಎನ್ನುವಾಗ ಜೋಡಿ ಊಟಕ್ಕೆ ಕೂತ. ಭಾನುವಾರ ಬಂದ ಮೇಲ್ವಿಚಾರಕರು ಮೂವತ್ತೊಂದನ್ನೂ ತಿರುವಿ ಹಾಕಿ, "ಈ ಮಳೇಲಿ ಹೆಂಗಯ್ಯ ಮುಗಿಸಿದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅಕ್ಷರ ದುಂಡಗಿದೆ ಎಂದು ಹೊಗಳಿದರು.

ಮಾದರಿ ಓಡಿತು. ವಿಧವೆಯರ ನಿಯಮ ಬಿಗಿ ಮಾಡಿದರೆ ಮತ್ತೆ ಭೇಟಿ ಕೊಟ್ಟ ಮನೆಗಳಲ್ಲಿ ಹನ್ನೊಂದು ಹೊರಬೀಳುತ್ತವೆ ಎಂದು ಯಂತ್ರ ಹೇಳಿತು. ಕಾಗದದ ಮೇಲಿನದು ಕಾಗದದ ಮೇಲೇ ಇದ್ದಿದ್ದರೆ ನಾನು ಇವತ್ತಿಗೂ ಅದನ್ನು ಚಹದಂಗಡಿಯಲ್ಲಿ ನಗುತ್ತ ಹೇಳುತ್ತಿದ್ದೆನೇನೋ. ಪಿಂಚಣಿ ನೋಡುವ ಒಬ್ಬ ಅಧಿಕಾರಿ, ನಿಮ್ಮ ಯಂತ್ರದ ಮಾತು ನಿಜವೋ ಪರೀಕ್ಷೆ ಮಾಡೋಣ ಎಂದು ಆ ಹನ್ನೊಂದು ಮನೆಗಳ ವಿವರ ಕೇಳಿದರು. 'ಈ ಮಾಹಿತಿ ಅಧ್ಯಯನಕ್ಕೆ ಮಾತ್ರ' ಎಂದು ಪ್ರತಿ ಫಾರ್ಮಿನ ತಲೆಯ ಮೇಲೇ ಅಚ್ಚಾಗಿತ್ತು. ಮೇಲ್ವಿಚಾರಕರು ಆ ಫಾರ್ಮುಗಳನ್ನೇ ನಕಲು ತೆಗೆಸಿ ಕೊಟ್ಟರು. ಪರೀಕ್ಷೆ ಎಂದರೆ ಮನೆಗೆ ಹೋಗಿ ಕೇಳುವುದು ಎಂದು ಅವರು ತಿಳಿದಿದ್ದರು. ಕಚೇರಿಯವರು ಹನ್ನೊಂದೂ ಪಿಂಚಣಿ ನಿಲ್ಲಿಸಿ, ಯಾರು ಕೂಗಾಡುತ್ತಾರೆ ನೋಡೋಣ ಎಂದು ಕೂತರು. ನಮ್ಮ ಮೂವತ್ತೊಂದರಿಂದ ಆ ಹನ್ನೊಂದಕ್ಕೆ ಹೋದ ಮನೆ ಒಂದೇ. ಹದಿನೇಳನೆಯದು.

ಇದು ನನಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ಮುಪ್ಪಿನ ಪಿಂಚಣಿಯ ಸುತ್ತೋಲೆಯ ಪ್ರತಿ ತರಲು ಸಂಸ್ಥೆ ನನ್ನನ್ನು ನಿಪ್ಪಾಣಿಯ ಆ ಕಚೇರಿಗೆ ಕಳಿಸಿತ್ತು. ನನ್ನನ್ನು ಅರ್ಧ ತಾಸು ನಿಲ್ಲಿಸಿಕೊಂಡಿದ್ದ ಅಲ್ಲಿಯ ಕಾರಕೂನ ಚಹಕ್ಕೆ ಹೋಗಿದ್ದ. ವರಾಂಡದಲ್ಲಿ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಬೇಸರಕ್ಕೆ ನಾನು ಕಾರಕೂನನನ್ನು ಆಡತೊಡಗಿದೆ: ಕಿವಿಯಿಂದ ಪೆನ್ಸಿಲು ತೆಗೆಯುವುದು, ಕಾಗದವನ್ನು ಬೆಳಕಿಗೆ ಹಿಡಿಯುವುದು, 'ಸಾಹೇಬ್ರು ಇಲ್ಲಾ, ಸೋಮವಾರ ಬರ್ರಿ, ಸೋಮವಾರನೂ ಇರಾಂಗಿಲ್ಲ.' ಜನ ನಕ್ಕರು. ಹಿಂದಿನಿಂದ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಉಸಿರು ಎಳೆದುಕೊಂಡ ಸದ್ದು.

"ನಗಸಾಕ ಬರತೈತಿ. ಓದಾಕ ಬರತೈತೇನ ಬಾಳಾ?"

ನನ್ನ ಬಾಯಿಂದ ಬಂದಿದ್ದ ದನಿ ಈಗ ಮತ್ತೊಬ್ಬರ ಬಾಯಲ್ಲಿತ್ತು. ನಾನು ಆಡಿದ್ದಕ್ಕಿಂತ ಮೆತ್ತಗಿತ್ತು. ನಲವತ್ತರ ಹೆಂಗಸು, ಮಡಿಕೆ ಬಿದ್ದ ಒಂದು ನೋಟೀಸು ಚಾಚಿದಳು. ಪಕ್ಕದಲ್ಲಿ ಹತ್ತು ವರ್ಷದ ಮಗಳು. ಹುಡುಗಿಯ ಬೆರಳ ತುದಿ ಆಗಲೇ ಹಳದಿ.

ಓದಿದೆ. ಮಗನು ಇಚಲಕರಂಜಿಯಲ್ಲಿ ದುಡಿದು ತಿಂಗಳಿಗೆ ಮುನ್ನೂರು ರೂಪಾಯಿ ಕಳಿಸುತ್ತಿರುವುದಾಗಿ ತಾವೇ ಹೆಬ್ಬೆಟ್ಟು ಒತ್ತಿ ನೀಡಿದ ಹೇಳಿಕೆಯ ಮೇರೆಗೆ ಪಿಂಚಣಿ ನಿಲ್ಲಿಸಲಾಗಿದೆ.

"ಅಂವಾ ಸತ್ತ ಮೂರ ವರ್ಷ ಆತು. ಇಚಲಕರಂಜ್ಯಾಗ ಕಾಮಣಿ ಬ್ಯಾನಿ ಆಗಿ ಸತ್ತ. ನಾ ಹೋಗೂದ್ರಾಗ ಮಣ್ಣ ಮಾಡಿದ್ರು. ಮಾರೀನೂ ನೋಡ್ಲಿಲ್ಲ" ಅಂದಳು. "ನಾ ಯಾವಾಗ ಹೆಬ್ಬೆಟ್ಟ ಒತ್ತೇನಿ? ನಾಕ ತಿಂಗಳಾತು ರೊಕ್ಕಾ ಬಂದಿಲ್ಲ. ಇಕಿನ್ನ ಸಾಲಿ ಬಿಡಸಿ ಬೀಡಿಗೆ ಕುಂಡ್ರಸೇನಿ."

ಆಗಲೇ ಹೇಳಬಹುದಿತ್ತು. "ಏನೋ ತಪ್ಪಾಗೇತಿ ಮಾವಶಿ, ನೋಡೂಣು" ಅಂದೆ. ಆಕೆ ನನ್ನ ಮುಖವನ್ನೇ ನೋಡಿ, "ನಿನ್ನ ಎಲ್ಲೋ ನೋಡೇನಲ್ಲೋ" ಅಂದಳು. "ನನ್ನಂಥಾ ಮಾರಿ ಭಾಳ ಅದಾವ್ರಿ" ಎಂದು ಒಂದು ನಗೆ ಎಸೆದು ಸುತ್ತೋಲೆಯನ್ನೂ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಮೇಲ್ವಿಚಾರಕರಿಗೆ ಹೇಳಿದಾಗ ಮೊದಲು ಸಮಾಧಾನ ಮಾಡಿದರು. "ಒಂದು ಮನೆ ತಪ್ಪಾದ್ರೆ ಮಾದರಿಗೇನೂ ಆಗಲ್ಲ ಕಣಯ್ಯ."

"ಒಂದಲ್ರಿ ಸರ್. ಮೂವತ್ತೊಂದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬಾಗಿಲು ಮುಂದೆ ಮಾಡಿ ತಗ್ಗಿದ ದನಿಯಲ್ಲಿ, "ಬಾಯಿ ಮುಚ್ಕೊಂಡಿರು. ವರದಿ ಹೋಗಿಬಿಟ್ಟಿದೆ. ಆ ಫಾರ್ಮು ಕೊಟ್ಟಿದ್ದು ನಾನು, ತಿಳೀತಾ? ಆಯಮ್ಮಂಗೆ ಮಗನ ಮರಣ ದಾಖಲೆ ತಂದುಕೊಡು. ಪಿಂಚಣಿ ತಾನಾಗೇ ಬರುತ್ತೆ, ಯಾರೂ ಕೇಳಲ್ಲ" ಅಂದರು.

ಅದೇ ಸರಿ ಅನ್ನಿಸಿತು. ಹೇಡಿಗೆ ದಾರಿ ತೋರಿಸಿದರೆ ಅವನು ಓಡುತ್ತಾನೆ. ನಾನು ಇಚಲಕರಂಜಿಯ ಬಸ್ಸು ಹಿಡಿದೆ. ಸಾವು ಬರೆದುಕೊಳ್ಳುವ ನಗರಸಭೆಯ ಖಿಡಕಿಯಲ್ಲಿ ಮೂರು ವರ್ಷ ಹಿಂದಿನ ದಪ್ಪ ಪುಸ್ತಕ ತೆಗೆಸಿ, ಮಗ್ಗದ ಕೋಣೆಗಳ ವಿಳಾಸದಲ್ಲಿ ಒಂದೊಂದೇ ಸಾಲು ಹುಡುಕಿಸಿ, ಎರಡು ದಿನ ಅಲ್ಲೇ ಬೆಂಚಿನ ಮೇಲೆ ಕೂತೆ. ಎರಡನೆಯ ದಿನ ಮಧ್ಯಾಹ್ನ ಹೆಸರು ಸಿಕ್ಕಿತು. ವಯಸ್ಸು ಹದಿನೆಂಟು. ಮೃತನಿಗೆ ನೀವೇನಾಗಬೇಕು ಎಂದು ಮರಾಠಿಯಲ್ಲಿ ಕೇಳಿದರು. ಅಣ್ಣ ಎಂದೆ. ಸುಳ್ಳು ಸಲೀಸಾಗಿ ಬಂತು. ಕೆಳಗೆ ಸಹಿಯನ್ನೂ ಹಾಕಿದೆ.

ದಾಖಲೆ ಹಿಡಿದು ಮಾವಶಿಯನ್ನು ಕರೆದುಕೊಂಡು ಪಿಂಚಣಿ ಕಚೇರಿಗೆ ಹೋದೆ. ಅಷ್ಟರಲ್ಲಿ ವರಾಂಡದ ನನ್ನ ಆಟದ ಸುದ್ದಿ ಕಾರಕೂನನಿಗೆ ಮುಟ್ಟಿತ್ತು.

"ಬರ್ರಿ ಬರ್ರಿ, ನಟರು ಬಂದ್ರು. ನನ್ನಂಗ ಮಾತಾಡ್ತಿಯಂತ? ಮಾತಾಡ ನೋಡೂಣು."

"ತಪ್ಪಾತ್ರಿ ಅಣ್ಣಾರ."

"ತಪ್ಪಲ್ಲೋ, ಕಲಾ ಐತಿ ನಿನ್ನ ಹಂತ್ಯಾಕ. ಮಾಡಿ ತೋರಸು. ಆಮ್ಯಾಲ ನಿನ್ನ ಕಾಗದ ನೋಡ್ತೇನಿ."

ಮಾಡಿದೆ. ಕಿವಿಯ ಪೆನ್ಸಿಲು, ಬೆಳಕಿಗೆ ಹಿಡಿದ ಕಾಗದ, ಸೋಮವಾರ ಬರ್ರಿ. ಕೋಣೆಯಲ್ಲಿ ಐದಾರು ಜನರಿದ್ದರು, ಒಬ್ಬರೂ ನಗಲಿಲ್ಲ. ನನ್ನ ದನಿ ನನಗೇ ಹಳಸಿದ ಸಾರಿನಂತೆ ನಾರಿತು. ಕಾರಕೂನ ತಲೆದೂಗಿ, "ಮೂಗ ಇನ್ನೀಟ ಎತ್ತಬೇಕಾಗಿತ್ತು" ಎಂದು ಹೇಳಿ ದಾಖಲೆ ಇಸಿದುಕೊಂಡ. ಅದನ್ನು ಸರಾಗವಾಗಿ, ಗಟ್ಟಿಯಾಗಿ ಮರಾಠಿಯಲ್ಲಿ ಪೂರ್ತಿ ಓದಿದ. ಓದಿ, "ಮರಾಠಿ ಕಾಗದ ಇಲ್ಲೆ ನಡ್ಯಾಂಗಿಲ್ಲ. ಕನ್ನಡದಾಗ ಮಾಡಕೊಂಡ ಬಾ" ಅಂದ.

ಅಲ್ಲೇ ಕೂತು ಕನ್ನಡದಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ಹತ್ತಿರದ ಸಾಲೆಯ ಹೆಡ್ ಮಾಸ್ತರರಿಂದ ಸಿಕ್ಕಾ ಹಾಕಿಸಿ ತಂದೆ. ಕಾರಕೂನ ಕಡತದಿಂದ ಹದಿನೇಳನೆಯ ಫಾರ್ಮಿನ ನಕಲು ತೆಗೆದು ಅದರ ಪಕ್ಕ ಇಟ್ಟ. ಬೆರಳು ಒಮ್ಮೆ ಅದರ ಮೇಲೆ, ಒಮ್ಮೆ ಇದರ ಮೇಲೆ.

"ಇದರಾಗ ಸತ್ತಾನ. ಇದರಾಗ ರೊಕ್ಕಾ ಕಳಸಾಕತ್ತಾನ. ಎರಡೂ ಕಡೆ ನಿಂದ ಅಕ್ಷರ, ನಿಂದ ಸಹಿ. ಒಬ್ಬ ಮನಶ್ಯಾನ್ನ ಸಾಯಸಾಂವನೂ ನೀನ, ಬದಕಸಾಂವನೂ ನೀನ. ಯಾವದ ಖೋಟಾ, ಅದನ್ನ ಬರದ ಕೊಡು. ಅಲ್ಲೀತನಕಾ ಇದು ಹಿಂಗ ಇರ್ತೈತಿ."

ಮಾವಶಿ ಕಾಗದಗಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಆಕೆಗೆ ಆಗ ಎಷ್ಟು ತಿಳಿಯಿತೋ ಗೊತ್ತಿಲ್ಲ. ನಾನು ನಾಳೆ ಬರುತ್ತೇನೆ ಎಂದೆ.

ಚಿಕ್ಕೋಡಿಗೆ ಬಂದು ಜೋಡಿಗೆ ಹೇಳಿದೆ. ಒಂದು ಫಾರ್ಮು ಖೋಟಾ ಎಂದು ಬರೆದರೆ ಆ ದಿನ ಎಲ್ಲಿ ಕೂತಿದ್ದಿರಿ ಎಂದು ಕೇಳುತ್ತಾರೆ, ಮೂವತ್ತೊಂದೂ ಹೊರಗೆ ಬರುತ್ತವೆ. ಪ್ರತಿಯೊಂದರ ಮೇಲೂ ಇಬ್ಬರ ಸಹಿ.

"ಒಂದ ತಿಂಗಳಾ ತಡೀಲೇ" ಅಂದ. ಅವನಿಗೆ ಕನ್ಯೆ ಗೊತ್ತಾಗಿತ್ತು. "ಹುಡಗಗ ನೌಕರಿ ಐತಿ ಅಂತ ಅಪ್ಪಾ ಮಾತ ಕೊಟ್ಟಾನ. ಮದವಿ ಆಗಲಿ, ಆಮ್ಯಾಲ ಏನ ಬೇಕಾದ್ದ ಬರಿ. ನಾನೂ ಸಹಿ ಮಾಡ್ತೇನಿ."

ಅವನು ಕೇಳಿದ್ದು ಹೆಚ್ಚೇನಲ್ಲ. ಒಂದು ತಿಂಗಳು. ಆದರೆ ಮಾವಶಿಯ ಮನೆಯಲ್ಲೂ ಅದು ಒಂದು ತಿಂಗಳೇ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಬರೆದುಕೊಟ್ಟೆ: ಇಂಥ ದಿನ ಚಿಕ್ಕೋಡಿಯ ಕೋಣೆಯಲ್ಲಿ ಕೂತು ಮೂವತ್ತೊಂದು ಮನೆಗಳ ಫಾರ್ಮು ಸುಳ್ಳಾಗಿ ತುಂಬಿದೆವು, ಹದಿನೇಳನೆಯದರ ಹೆಬ್ಬೆಟ್ಟು ನನ್ನ ಕಾಲಿನದು. ಕಾರಕೂನ ಓದಿ, ಕುರ್ಚಿಯಿಂದ ಬಗ್ಗಿ ನನ್ನ ಚಪ್ಪಲಿಯನ್ನು ನೋಡಿದ. ಒಂದು ಪ್ರತಿಯನ್ನು ಸಂಸ್ಥೆಗೆ ಅಂಚೆಯಲ್ಲಿ ಹಾಕಿದೆ.

ಹದಿನೈದು ದಿನದಲ್ಲಿ ಇಬ್ಬರನ್ನೂ ತೆಗೆದರು. ಜೋಡಿಯ ಕನ್ಯೆಯ ಕಡೆಯವರು ಬೇರೆ ಮನೆ ನೋಡಿಕೊಂಡರು. ಅವನು ಎದುರು ಸಿಕ್ಕರೆ ಇವತ್ತಿಗೂ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಅವನ ಆ ನಡಿಗೆಯನ್ನು ನಾನು ಯಾರಿಗೂ ಮಾಡಿ ತೋರಿಸಿಲ್ಲ. ಮೇಲ್ವಿಚಾರಕರನ್ನು ಬೇರೆ ಕಡೆ ಹಾಕಿದರು. ಹೋಗುವ ಮುಂಚೆ ನನ್ನನ್ನು ಕರೆಸಿ ಒಂದು ಹಾಳೆ ತೋರಿಸಿದರು. ಮೂವತ್ತೊಂದು ಫಾರ್ಮು ಕಿತ್ತುಹಾಕಿ ಬೀಡಿಯ ಅಂಕಿಯನ್ನು ಮತ್ತೆ ತೆಗೆದಿದ್ದರು. ಬದಲಾದದ್ದು ದಶಮಾಂಶದ ಮೂರನೆಯ ಸ್ಥಾನದಲ್ಲಿ.

"ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೀರಿ" ಅಂದರು. "ವರದಿ ತಿದ್ದೋ ಅಗತ್ಯಾನೇ ಬೀಳಲಿಲ್ಲ." ಹೊಗಳಿದರೋ ಉಗುಳಿದರೋ, ನಾನು ಕೇಳಲಿಲ್ಲ.

ಪಿಂಚಣಿ ಮರಳಿ ಮಂಜೂರಾಯಿತು, ಮುಂದಿನ ತಿಂಗಳಿಂದ. ನಿಂತ ಐದು ತಿಂಗಳದ್ದು ಕೊಡುವ ನಿಯಮ ಇಲ್ಲವಂತೆ. ಆದೇಶದ ಪ್ರತಿ ಹಿಡಿದು ನಾನು ನಿಪ್ಪಾಣಿಯ ಆ ಓಣಿಗೆ ಹೋದೆ. ತಾಯಿ ಮಗಳು ಬಾಗಿಲಲ್ಲಿ ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೋಣೆ, ಮಳೆ, ಟವೆಲು, ಕಾಲು. ಆಕೆಯ ಕೈ ನಿಲ್ಲಲಿಲ್ಲ.

"ನನ್ನ ಕೆಮ್ಮ ಮಾಡಿ ತೋರಿಸಿದ್ಯಾ?"

"ಮಾಡಿದೆ ಮಾವಶಿ."

"ನಿನ್ನ ಜೋಡಿ ಇದ್ದಾಂವ ನಕ್ಕನ?"

"ನಕ್ಕಾ."

ಎಲೆ ಮಡಚಿ, ದಾರ ಸುತ್ತಿ, ಒಂದು ಬೀಡಿ ಮೊರಕ್ಕೆ ಹಾಕಿದಳು. "ಮಗಾ ಎಷ್ಟ ಕಳಸ್ತಾನಂತ ಬರದಿದ್ದಿ?"

"ಮುನ್ನೂರು."

"ತಿಂಗಳಾ?"

"ತಿಂಗಳಾ."

ಅಂಗೈ ಚಾಚಿದಳು. "ಐದ ತಿಂಗಳಾತು. ತಾ."

ನಾನು, ಪಿಂಚಣಿ ಅಷ್ಟು ಇರಲಿಲ್ಲವಲ್ಲ, ನಿಂತ ಪಿಂಚಣಿಯನ್ನಾದರೆ ಹೇಗಾದರೂ ಮಾಡಿ ತುಂಬಿಕೊಡುತ್ತೇನೆ ಎಂದು ತೊದಲಿದೆ.

"ಪಿಂಚಣಿ ಯಾರ ಕೇಳ್ಯಾರ ನಿನ್ನ? ಮಗಾ ದುಡದ ಕಳಸ್ತಾನಂತ ಬರದ ಕೊಟ್ಟೀದಿ. ಐದ ತಿಂಗಳದಿಂದ ಕಳಸಿಲ್ಲ. ತಾ."

ಕಿಸೆಯಲ್ಲಿ ಎಂಬತ್ತು ರೂಪಾಯಿ ಇತ್ತು. ಕೊಟ್ಟೆ. ಎಣಿಸಿ ಮೊರದ ಕೆಳಗೆ ಇಟ್ಟುಕೊಂಡಳು. ಉಳಿದದ್ದು ಯಾವಾಗ ಎಂದು ಕೇಳಿದಳು. ಬಸ್ಸಿಗೆ ಹೋಗಲು ಏನು ಉಳಿದಿದೆ ಎಂದು ಕೇಳಲಿಲ್ಲ. ಹೆದ್ದಾರಿಯಲ್ಲಿ ತಂಬಾಕಿನ ಲಾರಿಯೊಂದರ ಹಿಂದೆ ಹತ್ತಿಕೊಂಡು ಹೋದೆ.

ಆ ಹಂಗಾಮಿನಲ್ಲಿ ರಾಯಬಾಗದ ಕಡೆ ಕಬ್ಬಿನ ಗಾಡಿಗಳ ತೂಕ ಬರೆಯುವ ಕೆಲಸ ಸಿಕ್ಕಿತು. ಸಂಬಳದಲ್ಲಿ ಮುನ್ನೂರು ತೆಗೆದರೆ ಉಳಿಯುವುದು ಕಾಣದಷ್ಟು. ಪ್ರತಿ ತಿಂಗಳ ಮೊದಲ ಭಾನುವಾರ ನಿಪ್ಪಾಣಿಗೆ ಹೋಗಿ ಕೊಟ್ಟು ಬರುತ್ತಿದ್ದೆ. ಕೂರು ಎಂದು ಆಕೆ ಒಮ್ಮೆಯೂ ಅನ್ನಲಿಲ್ಲ. ಮಗಳು ಮತ್ತೆ ಸಾಲೆಗೆ ಹೋಗಲಿಲ್ಲ. ಕೈ ಚುರುಕಾಗಿದೆ, ಈಗ ಬಿಡಿಸಿದರೆ ನಷ್ಟ ಎಂದು ಗುತ್ತಿಗೆದಾರ ಹೇಳಿದನಂತೆ. ನಾನು ಹೋದಾಗ ಹುಡುಗಿ ತಲೆ ಎತ್ತದೆ ಕಟ್ಟುತ್ತಿದ್ದಳು.

ಮೊದಲ ಎಂಬತ್ತು ಕಳೆದು ಉಳಿದ ಇನ್ನೂರಿಪ್ಪತ್ತು ಹಿಡಿದು ಐದನೆಯ ಸಲ ಹೋದಾಗ ಪಕ್ಕದ ಮನೆಯ ಹೆಂಗಸು ಎಲೆ ಕತ್ತರಿಸುತ್ತ ಅಲ್ಲೇ ಕೂತಿದ್ದಳು. ನಾನು ನೋಟು ಕೊಡುವುದನ್ನು ನೋಡಿ, "ಯಾರಬೇ ಇಂವಾ? ತಿಂಗಳಾ ಬರ್ತಾನ, ರೊಕ್ಕಾ ಕೊಡ್ತಾನ, ಹೋಗ್ತಾನ" ಎಂದು ಕೇಳಿದಳು.

"ನನ್ನ ಮಗನ ಪಗಾರ ತರಾಂವ" ಅಂದಳು ಮಾವಶಿ.

ಆ ಹೆಂಗಸಿನ ಕತ್ತರಿ ನಿಂತಿತು. ಮಾವಶಿ ಬೆರಳಿಗೆ ಎಂಜಲು ಹಚ್ಚಿ ನೋಟುಗಳನ್ನು ಎರಡು ಸಲ ಎಣಿಸಿ, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಅಷ್ಟು ತಿಂಗಳಲ್ಲಿ ಮೊದಲ ಸಲ ಮುಖವೆತ್ತಿ ನನ್ನನ್ನು ನೋಡಿದಳು.

"ಐದೂ ಮುಟ್ಟಿದ್ವು. ಅಂವಗ ಹೇಳು, ಇನ್ನ ಕಳಸೂದ ಬ್ಯಾಡಂತ."

"ಹೇಳ್ತೇನ್ರಿ ಮಾವಶಿ" ಅಂದೆ.